ಹೊಸಬರಿಗೆ ಬೆಟ್ಟ ಇಳಿಯುವ ದಾರಿಯನ್ನೂ ತೋರಿಸಿ

ಬೆಟ್ಟದ ದಾರಿಗಳನ್ನು ನೋಡಿಕೊಳ್ಳುವ ಇಲಾಖೆಗಳಿಗೆ, ಅಧಿಕಾರಿಗಳಿಗೆ ಮತ್ತು ಚಾರಣ ಏರ್ಪಡಿಸುವ ತಂಡಗಳಿಗೆ,

ನಮಸ್ಕಾರ.

ಮೊದಲ ಸಲ ಬೆಟ್ಟ ಹತ್ತಲು ಬರುವವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಹೊಸಬರ ಜೊತೆಯಲ್ಲೇ ಜಾಸ್ತಿ ನಡೆಯುವವನು. ಹೊರಡುವ ಮುಂಚೆ ಅವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ನನ್ನ ಕೈಲಿ ಆಗುತ್ತಾ?’ ಉತ್ತರಕ್ಕಾಗಿ ಅವರು ನೋಡುವುದು ನೀವು ನೆಟ್ಟ ಫಲಕವನ್ನು, ನೀವು ಕೊಟ್ಟ ವಿವರವನ್ನು. ಅಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ದಾರಿಯ ಹೆಸರು, ಎಷ್ಟು ಕಿಲೋಮೀಟರ್, ಕಷ್ಟದ ಮಟ್ಟ ‘ಸುಲಭ’. ಕೆಳಗೆ ಒಂದಷ್ಟು ಎಚ್ಚರಿಕೆ. ಕಸ ಹಾಕಬೇಡಿ, ಬೆಂಕಿ ಹಚ್ಚಬೇಡಿ, ಗಲಾಟೆ ಮಾಡಬೇಡಿ. ಇವೆಲ್ಲ ಬೇಕಾದ ಮಾತುಗಳೇ. ಆದರೆ ಎಷ್ಟು ಹೊತ್ತಿಗೆ ವಾಪಸ್ ತಿರುಗಬೇಕು, ದಾರಿ ತಪ್ಪಿದರೆ ಏನು ಮಾಡಬೇಕು, ಎಲ್ಲಿ ಫೋನ್ ಸಿಗುತ್ತದೆ, ಯಾರಿಗೆ ಕರೆ ಮಾಡಬೇಕು ಅನ್ನುವುದು ಎಲ್ಲೂ ಕಾಣುವುದಿಲ್ಲ.

ನನ್ನ ಬೇಡಿಕೆ ಒಂದೇ. ಹೊಸಬರಿಗೆ ಎಂದು ಒಂದು ದಾರಿ ತೆರೆದರೆ, ಕ್ಷೇಮವಾಗಿ ಇಳಿದು ಬರುವ ಏರ್ಪಾಡನ್ನೂ ಆ ದಾರಿಯ ಭಾಗವಾಗಿಯೇ ಮಾಡಿ.

ಕಿಲೋಮೀಟರಿನಿಂದಲೇ ಶುರು ಮಾಡುತ್ತೇನೆ. ದಿನಾ ವಾಕಿಂಗ್ ಹೋಗುವವರಿಗೆ ಹತ್ತು ಕಿಲೋಮೀಟರ್ ಎಂದರೆ ಎರಡು ಗಂಟೆಯ ಮಾತು. ಬೆಟ್ಟದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಎಷ್ಟು ದೂರ ಅನ್ನುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಎಷ್ಟು ಮೀಟರ್ ಮೇಲಕ್ಕೆ ಏರಬೇಕು ಅನ್ನುವುದು ಮುಖ್ಯ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಲೆಕ್ಕ ಕೊಟ್ಟರು. ಅದನ್ನು ಇವತ್ತಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿ ಬರಲು 10 ಕಿ.ಮೀ., ಏರು 600 ಮೀಟರ್ ಇರುವ ದಾರಿಗೆ ಮೂರು ಗಂಟೆ ಆಯಿತು. ಅದೂ ಕಾಲು ಗಟ್ಟಿ ಇರುವವರು, ಒಳ್ಳೆಯ ದಾರಿಯಲ್ಲಿ, ಎಲ್ಲೂ ಕೂರದೆ ನಡೆದರೆ. ಹೊಸಬರಿಗೆ ನಾನು ಅದರ ಒಂದೂವರೆ ಪಟ್ಟು ಹಿಡಿಯುತ್ತೇನೆ. ನಾಲ್ಕೂವರೆ ಗಂಟೆ. ಕೂತು ನೀರು ಕುಡಿಯುವುದು, ಏನಾದರೂ ತಿನ್ನುವುದು, ಫೋಟೊ ತೆಗೆಯುವುದು, ತುದಿಯಲ್ಲಿ ಒಂದಿಷ್ಟು ಹೊತ್ತು ನಿಲ್ಲುವುದು ಎಲ್ಲ ಸೇರಿದರೆ ಆರು ಗಂಟೆ. ಈಗ ನೀವೇ ಹೇಳಿ, ‘10 ಕಿ.ಮೀ., ಸುಲಭ’ ಎಂದಷ್ಟೇ ಓದಿಕೊಂಡವರು ಮಧ್ಯಾಹ್ನ ಒಂದು ಗಂಟೆಗೆ ಹೊರಟರೆ ಪೂರ್ತಿ ತಪ್ಪು ಅವರದ್ದೇ ಅನ್ನಲಾಗದು, ಅಲ್ವಾ?

ಸ್ವಿಟ್ಜರ್ಲೆಂಡಿನಲ್ಲಿ ಕಾಲ್ದಾರಿಗಳ ಹಳದಿ ಕೈಕಂಬದ ಮೇಲೆ ಮುಂದಿನ ಜಾಗಕ್ಕೆ ಎಷ್ಟು ಹೊತ್ತು ಬೇಕು ಎಂದು ಬರೆದಿರುತ್ತದೆ. ಸಮತಟ್ಟು ನೆಲದಲ್ಲಿ ಗಂಟೆಗೆ ಸುಮಾರು 4.2 ಕಿ.ಮೀ. ಅನ್ನುವ ಲೆಕ್ಕ ಅದು. ಏರಿಳಿತಕ್ಕೆ ತಕ್ಕ ಹಾಗೆ ಸಮಯ ಹೊಂದಿಸಿರುತ್ತಾರೆ, ವಿಶ್ರಾಂತಿಯನ್ನು ಸೇರಿಸಿರುವುದಿಲ್ಲ. ಮಟ್ಟವನ್ನು ಹೇಳಲು ಬಣ್ಣ ಇದೆ. ಬರೀ ಹಳದಿ ಗುರುತು ಇದ್ದರೆ ಯಾರು ಬೇಕಾದರೂ ನಡೆಯಬಹುದಾದ ದಾರಿ. ಬಿಳಿ-ಕೆಂಪು-ಬಿಳಿ ಪಟ್ಟೆ ಇದ್ದರೆ ಕಡಿದಾದ, ಕಿರಿದಾದ ಬೆಟ್ಟದ ದಾರಿ, ಕಾಲಿಡುವಾಗ ಎಚ್ಚರ ಬೇಕು. ಬಿಳಿ-ನೀಲಿ-ಬಿಳಿ ಎಂದರೆ ಬಂಡೆ, ಹಿಮ ದಾಟುವ ಅನುಭವ ಇದ್ದವರಿಗೆ ಮಾತ್ರ. ಆ ನೆಲದ ಭಾಷೆ ಬಾರದವರಿಗೂ ಇದು ಅರ್ಥವಾಗುತ್ತದೆ. ಎಲ್ಲರೂ ಇದನ್ನೇ ನಕಲು ಮಾಡಬೇಕು ಎಂದು ನಾನು ಹೇಳುತ್ತಿಲ್ಲ. ಯಾರೋ ಒಬ್ಬರಿಗೆ ತೋಚಿದ ‘ಸುಲಭ’ದ ಬದಲು, ನೋಡಿ ನಿರ್ಧರಿಸಬಹುದಾದ ನಾಲ್ಕು ವಿಷಯ ಕೊಡಿ: ದೂರ, ಒಟ್ಟು ಏರು, ಹೊಸಬರಿಗೆ ಬೇಕಾಗುವ ಸಮಯ, ಕೈಯೂರಿ ಹತ್ತಬೇಕಾದ ಜಾಗ ಇದೆಯೋ ಇಲ್ಲವೋ.

ಹಾಗಾದರೆ ಹೊಸಬರಿಗೆ ಎಂಥ ದಾರಿ ಆರಿಸಬೇಕು? ನನ್ನ ಅಭಿಪ್ರಾಯದಲ್ಲಿ ಎತ್ತರ, ಉದ್ದ ಎಲ್ಲ ಆಮೇಲಿನ ಮಾತು. ಮೊದಲು ನೋಡಬೇಕಾದ್ದು, ಅಲ್ಲಿ ಒಂದು ಸಣ್ಣ ತಪ್ಪು ಮಾಡಿದರೆ ಸರಿಪಡಿಸಿಕೊಳ್ಳಲು ಅವಕಾಶ ಇದೆಯಾ ಅನ್ನುವುದನ್ನು. ಕಾಲು ಜಾರಿದರೆ ಪಕ್ಕದಲ್ಲಿ ಪ್ರಪಾತ ಇದೆಯಾ, ಇಲ್ಲಾ ಹುಲ್ಲಿನ ಇಳಿಜಾರಾ? ಅರ್ಧ ದಾರಿಗೆ ಸುಸ್ತಾದರೆ ಹೊರಗೆ ಬರಲು ಇನ್ನೊಂದು ದಾರಿ ಇದೆಯಾ? ಮಳೆ ಬಂದರೆ ಹೋಗುವಾಗ ದಾಟಿದ ತೊರೆಯನ್ನು ಬರುವಾಗ ದಾಟಲು ಆಗುತ್ತದಾ? ತೊರೆಯ ವಿಷಯವನ್ನು ಒತ್ತಿ ಹೇಳಬೇಕು. ಬೆಳಗ್ಗೆ ಹಿಮ್ಮಡಿ ಮುಳುಗುವಷ್ಟು ನೀರಿದ್ದ ಜಾಗದಲ್ಲಿ ಮೇಲೆ ಎಲ್ಲೋ ಮಳೆ ಹೊಡೆದರೆ ಸಂಜೆಗೆ ಸೊಂಟದ ತನಕ ಹರಿಯುತ್ತಿರುತ್ತದೆ. ನೀವು ನಿಂತ ಕಡೆ ಒಂದು ಹನಿಯೂ ಬಿದ್ದಿರುವುದಿಲ್ಲ. ಮೊಣಕಾಲು ದಾಟಿದ ರಭಸದ ನೀರು ದೊಡ್ಡವರನ್ನೂ ಕೆಡವುತ್ತದೆ. ಮಧ್ಯೆ ತೊರೆ ಇರುವ ದಾರಿ ಹೊಸಬರಿಗೆ ಬೇಕೇ ಬೇಕು ಅನ್ನುವುದಾದರೆ ಅಲ್ಲೊಂದು ಕಾಲುಸೇತುವೆ ಹಾಕಿ. ಆಗದಿದ್ದರೆ ಮಳೆಗಾಲ ಮುಗಿಯುವ ತನಕ ಆ ದಾರಿಯನ್ನು ಹೊಸಬರ ಪಟ್ಟಿಯಿಂದ ತೆಗೆದುಬಿಡಿ.

ಇನ್ನು ಕವಲುಗಳು. ದಾರಿ ಗುರುತು ಹಾಕುವವರು ಸಾಮಾನ್ಯವಾಗಿ ಬುಡದಿಂದ ತುದಿಗೆ ನಡೆಯುತ್ತಾ ಗುರುತು ಹಾಕುತ್ತಾರೆ. ಬಣ್ಣದ ಬಾಣ ಬಂಡೆಯ ಯಾವ ಮೈಮೇಲೆ ಬೀಳುತ್ತದೆ ಗೊತ್ತಾ? ಹತ್ತುವವರಿಗೆ ಕಾಣುವ ಮೈಮೇಲೆ. ಈಗ ಒಬ್ಬ ಹೊಸಬರ ಜೊತೆ ಆ ದಾರಿಯಲ್ಲಿ ನಡೆದು ನೋಡಿ. ಹತ್ತುವಾಗ ಎಡಗಡೆಯಿಂದ ಇನ್ನೊಂದು ಕಾಲುದಾರಿ ಬಂದು ಸೇರಿಕೊಂಡಿದ್ದು ಅವರ ಗಮನಕ್ಕೇ ಬರುವುದಿಲ್ಲ. ಕಣ್ಣು ಮುಂದೆ ಇರುತ್ತದೆ, ದಾರಿ ಒಂದೇ ಇದ್ದಂತೆ ಕಾಣುತ್ತದೆ. ಇಳಿಯುವಾಗ ಅದೇ ಜಾಗ ಕವಲು. ಎದುರಿಗೆ ಎರಡು ದಾರಿ, ಎರಡೂ ಸವೆದಿವೆ, ಎರಡೂ ಕೆಳಗೇ ಹೋಗುತ್ತವೆ. ಬಾಣ ಇರುವ ಬಂಡೆಯ ಬೆನ್ನು ಮಾತ್ರ ಅವರಿಗೆ ಕಾಣುತ್ತದೆ. ತೊಡೆ ನಡುಗುತ್ತಿದೆ, ಬಾಟಲಿಯಲ್ಲಿ ಗುಟುಕು ನೀರು ಉಳಿದಿದೆ, ಬೆಳಕು ಇಳಿಯುತ್ತಿದೆ. ಆ ಹೊತ್ತಿನಲ್ಲಿ ಮನುಷ್ಯ ಆರಿಸಿಕೊಳ್ಳುವುದು ಅಗಲ ಇರುವ ದಾರಿಯನ್ನು. ಅದು ದನಗಳು ಮಾಡಿದ ದಾರಿಯೋ, ಸೌದೆಯವರ ದಾರಿಯೋ ಆಗಿದ್ದರೆ ಇನ್ನೊಂದು ಅರ್ಧ ಗಂಟೆಗೆ ಪೊದೆಯಲ್ಲಿ ಮುಗಿಯುತ್ತದೆ. ದಯವಿಟ್ಟು ಪ್ರತಿ ಕವಲಿನಲ್ಲಿ ಇಳಿಯುವವರಿಗೂ ಕಾಣುವ ಹಾಗೆ ಗುರುತು ಹಾಕಿ. ಖರ್ಚು ಒಂದು ಡಬ್ಬಿ ಬಣ್ಣ, ಒಂದು ದಿನದ ಕೆಲಸ. ಪ್ರತಿ ಗುರುತಿಗೂ ಒಂದು ನಂಬರ್ ಕೊಟ್ಟರೆ ಇನ್ನೂ ಒಳ್ಳೆಯದು. ಗಾಬರಿಯಲ್ಲಿ ಇರುವವರು ‘ಇಲ್ಲಿ ಒಂದು ದೊಡ್ಡ ಮರ ಇದೆ’ ಎಂದು ಹೇಳುವುದಕ್ಕೂ ‘17ನೇ ಗುರುತಿನ ಹತ್ತಿರ ಇದ್ದೇವೆ’ ಎಂದು ಹೇಳುವುದಕ್ಕೂ ಹುಡುಕುವವರಿಗೆ ಎಷ್ಟೊಂದು ವ್ಯತ್ಯಾಸ!

ಇಳಿಯುವುದರ ಬಗ್ಗೆ ಇಷ್ಟು ಹೇಳಲು ಕಾರಣ ಇದೆ. ಹೊಸಬರು ತಮ್ಮ ಶಕ್ತಿಯನ್ನೆಲ್ಲ ತುದಿಗೆ ಲೆಕ್ಕ ಹಾಕಿಕೊಂಡು ಖರ್ಚು ಮಾಡುತ್ತಾರೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಹತ್ತುವಾಗಿನ ಹಾಗೆ ಏದುಸಿರು ಬರುವುದಿಲ್ಲ, ಹಾಗಾಗಿ ದಣಿವು ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕಾಲು ಎತ್ತಿ ಇಡುವ ಬದಲು ಎಳೆಯಲು ಶುರುವಾಗಿರುತ್ತದೆ. ಸಡಿಲ ಕಲ್ಲಿನ ಮೇಲೆ ಜಾರಿ ಬೀಳುವುದು ಆಗಲೇ.

ಆದ್ದರಿಂದ ಪ್ರತಿ ದಾರಿಯ ಫಲಕದಲ್ಲೂ ವಾಪಸ್ ತಿರುಗುವ ಸಮಯ ಬರೆಯಿರಿ. ತುದಿ ಸಿಕ್ಕಿರಲಿ, ಸಿಗದಿರಲಿ, ಆ ಹೊತ್ತಿಗೆ ಬೆನ್ನು ತಿರುಗಿಸಬೇಕು. ಕತ್ತಲಾಗಲು ಎರಡು ಗಂಟೆ ಇರುವಾಗ ಬುಡದಲ್ಲಿ ಇರಬೇಕು ಎಂದು ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದರೆ ಆ ಸಮಯ ಸಿಗುತ್ತದೆ. ಒಂದು ಫಲಕ ಹೀಗಿದ್ದರೆ ಹೇಗೆ, ನೋಡಿ:

‘ಈ ದಾರಿ ಹೋಗಿ ಬರಲು 8 ಕಿ.ಮೀ. ಒಟ್ಟು ಏರು 450 ಮೀಟರ್. ಮೊದಲ ಸಲ ಬಂದವರಿಗೆ ವಿಶ್ರಾಂತಿ ಸೇರಿ 5 ಗಂಟೆ ಬೇಕು. ಬೆಳಗ್ಗೆ 10ರ ಮೇಲೆ ಹೊರಡಬೇಡಿ. ಮಧ್ಯಾಹ್ನ 1 ಗಂಟೆಗೆ ಎಲ್ಲೇ ಇದ್ದರೂ ವಾಪಸ್ ತಿರುಗಿ. 6ನೇ ಗುರುತು ದಾಟಿದ ಮೇಲೆ ನೀರು ಸಿಗುವುದಿಲ್ಲ. ಫೋನ್ ಸಿಗುವ ಜಾಗ 9ನೇ ಗುರುತು ಮತ್ತು ತುದಿ. ಸುಸ್ತಾದರೆ 11ನೇ ಗುರುತಿನಿಂದ ಬಲಕ್ಕೆ ಇಳಿದರೆ 40 ನಿಮಿಷದಲ್ಲಿ ರಸ್ತೆ. ದಾರಿ ತಪ್ಪಿದೆ ಅನ್ನಿಸಿದರೆ ಅಲ್ಲೇ ನಿಲ್ಲಿ, ಸೀಟಿ ಊದಿ.’

ಇಷ್ಟನ್ನು ಓದಲು ಒಂದು ನಿಮಿಷ ಸಾಕು. ತುರ್ತು ನಂಬರನ್ನು ಇದರ ಕೆಳಗೆ ದೊಡ್ಡದಾಗಿ ಬರೆಯಿರಿ. ಓದಿದವರಿಗೆ ಬೆಟ್ಟದ ಮೇಲೆ ಹೆದರಿಕೆ ಹುಟ್ಟುವುದಿಲ್ಲ. ತಾವು ಎಲ್ಲಿ ಕಾಲಿಡುತ್ತಿದ್ದೇವೆ ಅನ್ನುವುದು ಗೊತ್ತಾಗುತ್ತದೆ.

ಈಗ ಎರಡನೇ ವಿಷಯ. ಹೊರಡುವ ಮುಂಚಿನ ಹತ್ತು ನಿಮಿಷವನ್ನು ನಿಮ್ಮಿಂದ ಕೇಳುತ್ತಿದ್ದೇನೆ. ಟಿಕೆಟ್ ಕೊಡುವ ಕಡೆ, ಹೆಸರು ಬರೆಸಿಕೊಳ್ಳುವ ಕಡೆ, ತಂಡ ಸೇರುವ ಕಡೆ, ಎಲ್ಲಾದರೂ ಸರಿ. ಈಗ ಆ ಹೊತ್ತು ಗುಂಪು ಫೋಟೊಗೆ ಹೋಗುತ್ತಿದೆ. ಫೋಟೊ ಬೇಕಾದರೆ ಆಮೇಲೆ ತೆಗೆಯಲಿ.

ಆ ಹತ್ತು ನಿಮಿಷದಲ್ಲಿ ಎಲ್ಲರೂ ಬ್ಯಾಗ್ ತೆರೆಯಲಿ. ಹೆಡ್‌ಲ್ಯಾಂಪ್, ಅಂದರೆ ತಲೆಗೆ ಕಟ್ಟಿಕೊಳ್ಳುವ ದೀಪ, ಇದೆಯಾ? ಹಗಲಿನ ಚಾರಣಕ್ಕೆ ಯಾಕೆ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಒಬ್ಬರ ಕಾಲು ಉಳುಕಿದರೆ ಇಡೀ ತಂಡದ ವೇಗ ಅರ್ಧ ಆಗುತ್ತದೆ, ಕತ್ತಲಾಗುತ್ತದೆ, ಅದಕ್ಕೆ. ಫೋನಿನ ಟಾರ್ಚ್ ಸಾಲದು. ಅದು ಒಂದು ಕೈ ಕಟ್ಟಿಹಾಕುತ್ತದೆ, ಸಹಾಯಕ್ಕೆ ಕರೆಯಲು ಬೇಕಾದ ಬ್ಯಾಟರಿಯನ್ನೂ ತಿನ್ನುತ್ತದೆ. ನೀರು ಎಷ್ಟಿದೆ? ಹದವಾದ ಹವೆಯಲ್ಲಿ ನಡೆಯುವವರಿಗೆ ಗಂಟೆಗೆ ಸುಮಾರು ಅರ್ಧ ಲೀಟರ್, ಬಿಸಿಲಿಗೆ ಇನ್ನೂ ಜಾಸ್ತಿ ಬೇಕು. ಐದು ಗಂಟೆಯ ದಾರಿಗೆ ಒಂದು ಲೀಟರ್ ಬಾಟಲಿ ಹಿಡಿದು ಬಂದವರನ್ನು ಅಲ್ಲೇ ನಿಲ್ಲಿಸಿ ನೀರು ತುಂಬಿಸಿಕೊಳ್ಳಲು ಹೇಳಬೇಕು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದು ಉಪ್ಪಿನಂಶ ಏನೂ ತಿನ್ನದಿರುವುದೂ ಅಪಾಯ. ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಗೊಂದಲ ಶುರುವಾಗುತ್ತದೆ. ಮಳೆ ಅಂಗಿ, ಒಂದು ಬೆಚ್ಚನೆ ಪದರ, ಬ್ಯಾಂಡೇಜ್, ದಿನಾ ತೆಗೆದುಕೊಳ್ಳುವ ಮಾತ್ರೆಗಳು, ಒಬ್ಬರು ಒಳಗೆ ಕೂರುವಷ್ಟು ದೊಡ್ಡ ಪ್ಲಾಸ್ಟಿಕ್ ಚೀಲ, ಇವೂ ಬ್ಯಾಗಿನಲ್ಲಿ ಇರಬೇಕು. ಈ ಚೀಲದ ತೂಕ ಲೆಕ್ಕಕ್ಕೇ ಇಲ್ಲ. ಗಾಳಿ ಮಳೆಯಲ್ಲಿ ಸಹಾಯಕ್ಕೆ ಕಾಯುತ್ತಾ ಕೂರಬೇಕಾದಾಗ ಅದರ ಬೆಲೆ ಗೊತ್ತಾಗುತ್ತದೆ.

ಫೋನು ಎಲ್ಲರ ಹತ್ತಿರವೂ ಇರುತ್ತದೆ. ಅದನ್ನು ಬಳಸುವ ರೀತಿ ಹೇಳಿಕೊಡಬೇಕು. ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ. ಅದು ಉಪಗ್ರಹದಿಂದ ನೇರವಾಗಿ ಸಂಕೇತ ಪಡೆಯುತ್ತದೆ. ಮ್ಯಾಪ್ ಮಾತ್ರ ಮೊದಲೇ ಡೌನ್‌ಲೋಡ್ ಆಗಿರಬೇಕು. ಸಿಗ್ನಲ್ ಇಲ್ಲದ ಕಡೆ ಫೋನು ಟವರ್ ಹುಡುಕುತ್ತಾ ಬ್ಯಾಟರಿ ಖಾಲಿ ಮಾಡುತ್ತದೆ, ಆದ್ದರಿಂದ ಏರ್‌ಪ್ಲೇನ್ ಮೋಡ್‌ನಲ್ಲಿ ಇಡಿ ಎಂದು ಹೇಳಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಹಾಗಾಗಿ ಫೋನು ಒಳಜೇಬಿನಲ್ಲಿ ಇರಲಿ. ಭಾರತ, ಯುರೋಪಿನ ದೇಶಗಳು ಸೇರಿ ಬಹಳ ಕಡೆ ತುರ್ತು ಕರೆಗೆ 112 ನಂಬರ್ ಇದೆ. ತಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಹತ್ತಿರ ಬೇರೆ ಕಂಪನಿಯ ಟವರ್ ಇದ್ದರೆ ಅದರ ಮೂಲಕ ತುರ್ತು ಕರೆ ಹೋಗುವ ಸಾಧ್ಯತೆ ಇರುತ್ತದೆ. ಪರದೆಯಲ್ಲಿ ಸಿಗ್ನಲ್ ಇಲ್ಲ ಎಂದು ಕಂಡರೂ ಒಮ್ಮೆ ಪ್ರಯತ್ನಿಸಬೇಕು. ಮಾತಾಡಲು ಸಾಲದಷ್ಟು ದುರ್ಬಲ ಸಿಗ್ನಲ್‌ನಲ್ಲೂ ಎಸ್‌ಎಂಎಸ್ ಹೋಗಬಹುದು. ಎಲ್ಲಿದ್ದೇವೆ, ಎಷ್ಟು ಜನ, ಏನಾಗಿದೆ, ಯಾವ ಗುರುತಿನ ಹತ್ತಿರ, ಇಷ್ಟನ್ನು ಒಂದೇ ಸಂದೇಶದಲ್ಲಿ ಮನೆಯವರಿಗೂ ಕಳಿಸಲಿ.

ಆಮೇಲೆ ಸೀಟಿ. ಇದನ್ನು ಸುಮ್ನೆ ಹೇಳಿದರೆ ಆಗದು, ಊದಿಸಿಯೇ ಕಲಿಸಬೇಕು. ಒಂದು ನಿಮಿಷದಲ್ಲಿ ಆರು ಸಲ, ಅಂದರೆ ಹತ್ತು ಸೆಕೆಂಡಿಗೊಮ್ಮೆ. ಆಮೇಲೆ ಒಂದು ನಿಮಿಷ ಸುಮ್ಮನಿದ್ದು ಕಿವಿಗೊಡಬೇಕು. ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ. 1894ರಲ್ಲಿ ಇಂಗ್ಲೆಂಡಿನ ಪರ್ವತಾರೋಹಿ ಕ್ಲಿಂಟನ್ ಡೆಂಟ್ ಸೂಚಿಸಿದ ಈ ಸಂಕೇತ ಆಲ್ಪ್ಸ್ ಪರ್ವತಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಉತ್ತರ ಅಮೆರಿಕದಲ್ಲಿ ಸಹಾಯ ಕೇಳಲು ಮೂರು ಸಲ ಊದುವ ರೂಢಿ ಇದೆ. ಅದಕ್ಕೇ ನಿಮ್ಮ ದಾರಿಯಲ್ಲಿ ಯಾವುದು ನಡೆಯುತ್ತದೆ ಎಂದು ಫಲಕದಲ್ಲೇ ಬರೆದುಬಿಡಿ. ರಾತ್ರಿ ಇದೇ ಲೆಕ್ಕದಲ್ಲಿ ಟಾರ್ಚ್ ಮಿನುಗಿಸಬಹುದು. ಕೂಗಿದರೆ ಗಂಟಲು ಸ್ವಲ್ಪ ಹೊತ್ತಿನಲ್ಲೇ ಸೋಲುತ್ತದೆ, ಸೀಟಿಗೆ ಉಸಿರು ಇದ್ದರೆ ಸಾಕು. ಗುಂಪಿನಲ್ಲಿ ಇದನ್ನು ಊದಿಸಿ ನೋಡಿ. ಮೊದಲು ಎಲ್ಲರೂ ನಾಚಿಕೊಂಡು ಮೆಲ್ಲಗೆ ಊದುತ್ತಾರೆ. ಆಮೇಲೆ ಒಬ್ಬರು ಗಡಿಯಾರ ಹಿಡಿದು ಎಣಿಸಲು ಶುರು ಮಾಡಿದರೆ ಇನ್ನೊಬ್ಬರು ಸರಿಯಾಗಿ ಹತ್ತು ಸೆಕೆಂಡಿಗೆ ಊದುತ್ತಾರೆ. ಒಮ್ಮೆ ಹೀಗೆ ಕಲಿತದ್ದು ಮರೆಯುವುದಿಲ್ಲ. ಹೆಲಿಕಾಪ್ಟರ್ ಬರುವ ಕಡೆಗಳಲ್ಲಿ ಇನ್ನೊಂದನ್ನೂ ಕಲಿಸಿ: ಎರಡೂ ಕೈ ಮೇಲಕ್ಕೆ ಚಾಚಿ ನಿಂತರೆ ಸಹಾಯ ಬೇಕು ಎಂದರ್ಥ, ಒಂದು ಕೈ ಮೇಲೆ ಒಂದು ಕೈ ಕೆಳಗೆ ಇದ್ದರೆ ಬೇಡ ಎಂದರ್ಥ. ಖುಷಿಗೆ ಎರಡೂ ಕೈ ಎತ್ತಿ ಬೀಸಬಾರದು.

ದಾರಿ ತಪ್ಪಿದಾಗ ನಿಲ್ಲುವುದು, ನನ್ನ ಪ್ರಕಾರ, ಎಲ್ಲಕ್ಕಿಂತ ಕಷ್ಟದ ಪಾಠ. ಕಾಲು ತಾನಾಗಿ ಓಡುತ್ತದೆ. ಕೆಳಗೆ ಇಳಿದರೆ ಹಳ್ಳ ಸಿಗುತ್ತದೆ, ಹಳ್ಳ ಹಿಡಿದರೆ ಊರು ಸಿಗುತ್ತದೆ ಎಂದು ಯಾರೋ ಹೇಳಿದ್ದು ನೆನಪಾಗುತ್ತದೆ. ಬೆಟ್ಟದ ಹಳ್ಳಗಳು ಸಾಮಾನ್ಯವಾಗಿ ಇಕ್ಕಟ್ಟಾದ ಕಮರಿಗೆ, ಜಲಪಾತದ ನೆತ್ತಿಗೆ ಕರೆದುಕೊಂಡು ಹೋಗುತ್ತವೆ. ಅಲ್ಲಿಂದ ಮುಂದಕ್ಕೂ ಹೋಗಲಾಗದು, ಹಿಂದಕ್ಕೆ ಹತ್ತಲು ಶಕ್ತಿ ಇರದು. ನೀರಿನ ಸದ್ದಿನಲ್ಲಿ ಸೀಟಿಯೂ ಕೇಳಿಸದು. 1981ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಒಡಹುಟ್ಟಿದವರಿಂದ ಬೇರೆಯಾಗಿ ದಾರಿ ತಪ್ಪಿ ತೀರಿಕೊಂಡ. ಅವನನ್ನು ಹುಡುಕಲು ಹೋದವರು ಆಮೇಲೆ ಮಕ್ಕಳಿಗಾಗಿ ‘ಹಗ್ ಎ ಟ್ರೀ’ ಎಂಬ ಪಾಠ ಶುರು ಮಾಡಿದರು. ದಾರಿ ತಪ್ಪಿದೆ ಎಂದು ಗೊತ್ತಾದ ಕೂಡಲೇ ಒಂದು ಮರವನ್ನು ಹಿಡಿದು ಅಲ್ಲೇ ಇರು, ಹುಡುಕುವವರು ನಿನ್ನ ಹತ್ತಿರ ಬರುತ್ತಾರೆ ಎಂಬುದು ಅದರ ತಿರುಳು. ಇದು ದೊಡ್ಡವರಿಗೂ ಬೇಕು. ಒಂದು ಕಡೆ ಕೂತು, ನೀರು ಕುಡಿದು, ಕೊನೆಯ ಗುರುತು ಎಲ್ಲಿ ಕಂಡಿತ್ತು ಎಂದು ನೆನಪಿಸಿಕೊಳ್ಳಲಿ. ಅದು ಐದು ಹತ್ತು ನಿಮಿಷದ ಹಿಂದೆ ಕಂಡಿದ್ದು, ಬಂದ ದಾರಿ ಖಚಿತವಾಗಿ ಗೊತ್ತಿದ್ದರೆ ಅಲ್ಲಿಗೆ ವಾಪಸ್ ಹೋಗಲಿ. ಅನುಮಾನ ಇದ್ದರೆ ಕದಲಬಾರದು.

ನಿಲ್ಲು ಎಂದು ಹೇಳುವ ಹಕ್ಕು ನಮಗೆ ಬರುವುದು ಹುಡುಕಲು ಯಾರಾದರೂ ಬರುತ್ತಾರೆ ಎಂದು ಖಾತ್ರಿ ಇದ್ದಾಗ ಮಾತ್ರ. ಇಲ್ಲಿ ನಿಮ್ಮ ಹೊಣೆ ದೊಡ್ಡದು. ಬೆಳಗ್ಗೆ ಹೆಸರು, ಫೋನ್ ನಂಬರ್ ಬರೆಸಿಕೊಳ್ಳುವ ಪುಸ್ತಕ ಬಹಳ ಕಡೆ ಇರುತ್ತದೆ. ಸಂಜೆ ಆ ಪುಸ್ತಕ ತೆರೆದು, ಯಾರು ಇಳಿದು ಬಂದಿಲ್ಲ ಎಂದು ನೋಡುವವರು ಬೇಕು. ವಾಪಸ್ ಬಂದವರು ತಮ್ಮ ಹೆಸರಿನ ಮುಂದೆ ಸಹಿ ಹಾಕಲಿ. ಸಹಿ ಇಲ್ಲದ ಹೆಸರಿಗೆ ಕತ್ತಲಾಗುವ ಮುಂಚೆಯೇ ಫೋನ್ ಹೋಗಲಿ. ಫೋನ್ ಸಿಗದಿದ್ದರೆ ಮುಂದೆ ಯಾರಿಗೆ ಹೇಳಬೇಕು ಅನ್ನುವುದು ಕೌಂಟರಿನಲ್ಲಿ ಕೂತವರಿಗೆ ಗೊತ್ತಿರಲಿ. ಸಂಜೆ ಯಾರೂ ನೋಡದ ಪುಸ್ತಕ ಇದ್ದೂ ಪ್ರಯೋಜನ ಇಲ್ಲ. ಅದರಿಂದ ತೊಂದರೆಯೇ ಜಾಸ್ತಿ, ಯಾಕೆಂದರೆ ಹೆಸರು ಬರೆದವರು ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂದು ನಂಬಿಕೊಂಡಿರುತ್ತಾರೆ.

ಹವೆಯ ಬಗ್ಗೆ ಕೆಲವು ಮಾತು. ಪ್ರತಿ 1000 ಮೀಟರ್ ಮೇಲೇರಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಅದರ ಮೇಲೆ ಗಾಳಿ, ಅದರ ಮೇಲೆ ಬೆವರಿಗೋ ಮಳೆಗೋ ಒದ್ದೆಯಾದ ಬಟ್ಟೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಎಳೆಯುತ್ತದೆ. ಹಿಮವೇ ಇಲ್ಲದ ಬೆಟ್ಟದಲ್ಲೂ ಮೈಯೊಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದು ಜೀವಕ್ಕೆ ಕುತ್ತು ಬರುವುದು ಹೀಗೇ. ಮೊದಲು ನಡುಕ. ಆಮೇಲೆ ಜಿಪ್ ಹಾಕಲು ಬೆರಳು ಕೇಳುವುದಿಲ್ಲ, ಮಾತು ತೊದಲುತ್ತದೆ, ಕಾಲು ಎಡವುತ್ತದೆ. ನಡುಕ ನಿಂತರೆ ಚೇತರಿಸಿಕೊಂಡರು ಎಂದುಕೊಳ್ಳಬಾರದು, ಅದು ಇನ್ನೂ ಅಪಾಯದ ಹಂತ. ಒದ್ದೆ ಬಟ್ಟೆ ಬದಲಿಸಿ, ಗಾಳಿಗೆ ಮರೆ ಮಾಡಿ, ತಣ್ಣನೆ ನೆಲದಿಂದ ಮೈ ಬೇರೆ ಮಾಡಿ ಬ್ಯಾಗಿನ ಮೇಲೆ ಕೂರಿಸಿ, ಎಚ್ಚರ ಇದ್ದರೆ ಸಿಹಿಯಾದದ್ದು ಕೊಡಬೇಕು. ಬಿಸಿಲಿನ ದಿನ ಇದರ ಉಲ್ಟಾ. ಮಾತು ಅಸಂಬದ್ಧವಾದರೆ, ಮೈ ಕಾದ ಹಾಗಿದ್ದರೆ ಕಾಯುತ್ತಾ ಕೂರಬಾರದು. ನೆರಳಿಗೆ ಎಳೆದು, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಹಾಕಬೇಕು. ಗುಡುಗು ಕೇಳಿಸಿತು ಎಂದರೆ ಸಿಡಿಲು ಮುಟ್ಟುವಷ್ಟು ಹತ್ತಿರ ಇದ್ದೇವೆ ಎಂದರ್ಥ. ಶಿಖರ, ಏಣು, ಒಂಟಿ ಮರ ಬಿಟ್ಟು ಕೆಳಗಿಳಿಯಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಮತ್ತೆ ಮೇಲಕ್ಕೆ ಹೋಗಬಾರದು. 2500 ಮೀಟರ್ ದಾಟಿದ ದಾರಿಗಳ ಮಾತು ಬೇರೆ. ಅಲ್ಲಿ ತಲೆನೋವು, ವಾಕರಿಕೆ ಶುರುವಾದರೆ ಮೇಲೇರುವುದನ್ನು ನಿಲ್ಲಿಸಬೇಕು, ಜಾಸ್ತಿಯಾದರೆ ಇಳಿಯಬೇಕು. ಅಷ್ಟು ಎತ್ತರದ ದಾರಿಯನ್ನು ಹೊಸಬರ ಮೊದಲ ದಾರಿ ಎಂದು ದಯವಿಟ್ಟು ಪ್ರಚಾರ ಮಾಡಬೇಡಿ.

ಗಾಯದ ವಿಷಯದಲ್ಲಿ ಹೊಸಬರಿಗೆ ಮೂರು ಮಾತು ಸಾಕು. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯುವುದು. ನಿಂತಿತಾ ಎಂದು ಪದೇ ಪದೇ ಎತ್ತಿ ನೋಡಬಾರದು, ಬಟ್ಟೆ ತೊಯ್ದರೆ ಅದರ ಮೇಲೇ ಇನ್ನೊಂದು ಇಡಬೇಕು. ಪಾದದ ಗಂಟು ಉಳುಕಿದವರು ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲು ಆಗದಿದ್ದರೆ ಮೂಳೆ ಮುರಿದಿರಬಹುದು ಎಂದೇ ತಿಳಿದು ಸಹಾಯ ಕರೆಯುವುದು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದ ಹಾಗೆ ಕೋಲು ಕಟ್ಟಿ, ಉಂಗುರ, ಕಡಗ ಬಿಚ್ಚಿ, ಆದಷ್ಟು ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ ಸೇರಿಸಬೇಕು.

ತಂಡ ಕರೆದುಕೊಂಡು ಹೋಗುವವರಿಗೆ ಒಂದು ಮಾತು. ನಿಮ್ಮ ತಂಡದ ವೇಗ ಎಂದರೆ ಅತಿ ನಿಧಾನವಾಗಿ ನಡೆಯುವವರ ವೇಗ. ಹಿಂದೆ ಬಿದ್ದವರು ಏದುಸಿರು ಬಿಡುತ್ತಾ ಬಂದು ಸೇರುವ ಹೊತ್ತಿಗೆ ಮುಂದಿನವರು ವಿಶ್ರಾಂತಿ ಮುಗಿಸಿ ಎದ್ದುಬಿಡುತ್ತಾರೆ. ಬೇಕಾದವರಿಗೇ ವಿಶ್ರಾಂತಿ ಇಲ್ಲ. ನಿಧಾನದವರನ್ನು ಮುಂದೆ ಬಿಡಿ, ಅನುಭವ ಇರುವ ಒಬ್ಬರು ಎಲ್ಲರಿಗಿಂತ ಹಿಂದೆ ಇರಲಿ, ಪ್ರತಿ ಕವಲಿನಲ್ಲಿ ಕೊನೆಯವರು ಬರುವ ತನಕ ನಿಲ್ಲಿ, ಎಣಿಸಿ. ಯಾರಾದರೂ ‘ನಾನು ಇಲ್ಲೇ ಕೂತಿರುತ್ತೇನೆ, ನೀವು ಹೋಗಿ ಬನ್ನಿ’ ಎಂದರೆ ಒಬ್ಬರನ್ನೇ ಬಿಟ್ಟು ಹೋಗಬೇಡಿ. ‘ಸಾಕು’ ಎಂದವರನ್ನು ಹುರಿದುಂಬಿಸಿ ಎಳೆದುಕೊಂಡು ಹೋಗುವುದೂ ಬೇಡ. ಅವರಿಗೆ ತಮ್ಮ ಮೈ ಗೊತ್ತು.

ಅಪಘಾತ ಆದ ಮೇಲೆ ದಾರಿಯನ್ನೇ ಮುಚ್ಚಿಬಿಡುವುದು ನಿಮಗೆ ಸುಲಭದ ಉಪಾಯ ಎಂದು ನನಗೆ ಗೊತ್ತು. ಕೆಲವು ದಾರಿಗಳನ್ನು ಮುಚ್ಚಲೇಬೇಕು, ಕಾಡಿಗೂ ಬಿಡುವು ಬೇಕು. ಆದರೆ ಹೊಸಬರ ದಾರಿಗಳೆಲ್ಲ ಮುಚ್ಚಿದರೆ ಬೆಟ್ಟದ ಆಸೆ ಹೋಗಿಬಿಡುವುದಿಲ್ಲ. ಅವರು ಬೇಲಿ ಸುತ್ತಿ ಬಳಸಿ, ಗುರುತಿಲ್ಲದ ದಾರಿಯಲ್ಲಿ, ಹೆಸರು ಬರೆಸದೆ, ಯಾರಿಗೂ ಹೇಳದೆ ಹತ್ತುತ್ತಾರೆ. ಆಗ ಏನಾದರೂ ಆದರೆ ಹುಡುಕಲು ಎಲ್ಲಿಂದ ಶುರು ಮಾಡಬೇಕು ಎಂದೂ ನಿಮಗೆ ಗೊತ್ತಿರುವುದಿಲ್ಲ.

ಎಲ್ಲ ದಾರಿಗಳನ್ನೂ ಒಂದೇ ಸಲ ಸರಿ ಮಾಡಿ ಎಂದು ಕೇಳುತ್ತಿಲ್ಲ. ನಿಮ್ಮ ಕೈಕೆಳಗಿನ ಒಂದು ದಾರಿ ಆರಿಸಿಕೊಳ್ಳಿ, ಹೊಸಬರು ಅತಿ ಹೆಚ್ಚು ಬರುವ ದಾರಿ. ಈವರೆಗೆ ಅದನ್ನು ಹತ್ತದ ಇಬ್ಬರು ಮೂವರನ್ನು ನಿಮ್ಮ ಸಿಬ್ಬಂದಿಯ ಜೊತೆ ಕಳಿಸಿ. ಸಂಜೆಯ ಬೆಳಕಿನಲ್ಲಿ ಇಳಿಯುವಾಗ ಅವರೇ ಮುಂದೆ ನಡೆಯಲಿ, ನಿಮ್ಮವರು ಬಾಯಿ ಬಿಡದೆ ಹಿಂದೆ ಬರಲಿ. ಅವರು ಎಲ್ಲೆಲ್ಲಿ ನಿಂತು ‘ಯಾವ ಕಡೆ?’ ಎಂದು ಹಿಂದೆ ತಿರುಗಿ ನೋಡುತ್ತಾರೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಮಾರನೇ ದಿನ ಬಣ್ಣ ಹಚ್ಚಿ, ನಂಬರ್ ಬರೆಯಿರಿ. ಫೋನ್ ಸಿಗುವ ಜಾಗಗಳನ್ನೂ ಅದೇ ನಡಿಗೆಯಲ್ಲಿ ಗುರುತು ಮಾಡಿಕೊಳ್ಳಬಹುದು. ಈ ಕೆಲಸಕ್ಕೆ ಜನ ಬೇಕಾದರೆ ಚಾರಣಿಗರನ್ನು ಕರೆಯಿರಿ. ಬಣ್ಣದ ಡಬ್ಬಿ ಹೊರಲು, ಹೊಸಬರಿಗೆ ಸೀಟಿ ಊದಲು ಕಲಿಸಲು ನಾನೂ ಬರುತ್ತೇನೆ, ನನ್ನ ಜೊತೆ ನಡೆಯುವವರೂ ಬರುತ್ತಾರೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಹೊಸಬರ ಜೊತೆ ಬೆಟ್ಟ ಹತ್ತುವ ಒಬ್ಬ ಚಾರಣಿಗ